ಕಿವಿಯಿಂದ ಕಟ್ಟುವ ಟೈಮಿಂಗ್

ನವೆಂಬರ್ 3, 1997, ಸೋಮವಾರ

ಡಾಕ್ಟರ್ ಸುಲಭಾಬಾಯಿಯವರ ಕಾರು ಇಂದು ಬಂತು. ಬಂತು ಎಂದರೆ ಹೆಚ್ಚಾಯಿತು, ಟ್ರ್ಯಾಕ್ಟರಿಗೆ ಹಗ್ಗ ಬಿಗಿದು ಎಳೆದು ತಂದರು. ಬಸ್ ಸ್ಟ್ಯಾಂಡಿನಿಂದ ನನ್ನ ಗ್ಯಾರೇಜಿನವರೆಗೆ ಆಳಂದದ ಅರ್ಧ ಮಂದಿ ಅದರ ಹಿಂದೆಯೇ ಇದ್ದರು. ಜಪಾನಿನ ಕಾರು, ಟರ್ಬೊ ಇಂಜಿನ್ನು. ಹೊರಗೆ ಹೋಗುವ ಹೊಗೆಯೇ ಒಂದು ಪುಟ್ಟ ಪಂಕಾ ತಿರುಗಿಸುತ್ತದೆ, ಆ ಪಂಕಾ ಗಾಳಿಯನ್ನು ಒತ್ತಿ ಮತ್ತೆ ಇಂಜಿನ್ನಿಗೇ ತುಂಬುತ್ತದೆ. ಡಾಕ್ಟರಬಾಯಿಯವರ ಅಣ್ಣ ಮುಂಬಯಿಯ ಹರಾಜಿನಲ್ಲಿ ಹಿಡಿದು, ತಂಗಿಯ ಕೊರಳಿಗೆ ಕಟ್ಟಿ ಕೈತೊಳೆದುಕೊಂಡಿದ್ದಾನೆ.

ಬೆಂಕಿ ಯಾವಾಗ ಹತ್ತಬೇಕು ಎಂದು ಹೇಳುವ ಕಂಪ್ಯೂಟರ್ ಡಬ್ಬಿಯನ್ನು ಇಲಿಗಳು ಕಡಿದಿವೆ. ಆ ಡಬ್ಬಿಯೊಳಗೆ ಒಂದು ನಕ್ಷೆ ಇರುತ್ತದಂತೆ: ಇಂಜಿನ್ನು ಇಷ್ಟು ತಿರುಗಿ, ಗಾಳಿ ಇಷ್ಟು ತುಂಬಿದಾಗ, ಇಷ್ಟು ಡಿಗ್ರಿ ಮುಂಚೆ ಬೆಂಕಿ. ನಕ್ಷೆ ಬೇಕಾಗುವುದು ದಾರಿ ಗೊತ್ತಿಲ್ಲದವನಿಗೆ ಎಂದೆ. ಎದುರಿನ ಚಹಾದಂಗಡಿಯವರೆಲ್ಲ ನಕ್ಕರು. ಅಫಜಲಪುರದಲ್ಲಿ ಗೌಸಮೊಹಿದ್ದೀನ ಉಸ್ತಾದರ ಕೈಕೆಳಗೆ ಹನ್ನೊಂದು ವರ್ಷ ಕಲಿತವನು ನಾನು. 'ಕಾನ್ ಸೆ ದೇಖ್' ಎನ್ನುತ್ತಿದ್ದರು ಅವರು, ಕಿವಿಯಿಂದ ನೋಡು. ಜೇವರ್ಗಿಯಿಂದ ಹಿರೋಳ್ಳಿಯವರೆಗೆ ನನ್ನನ್ನು ಕಿವಿ ಉಸ್ತಾದ ಎಂದು ಕರೆಯುವುದು ಸುಮ್ಮನೆ ಅಲ್ಲ. ಆ ಹೆಸರು ಬಿಟ್ಟರೆ ಈ ಶಾಂತಲಿಂಗಪ್ಪನ ಹತ್ತಿರ ಬೇರೆ ಆಸ್ತಿಯೂ ಇಲ್ಲ.

ಸಂಕ್ರಾಂತಿಯೊಳಗೆ ಓಡದಿದ್ದರೆ ಗುಜರಿಗೆ ಹಾಕುತ್ತಾರಂತೆ. ನನ್ನ ಗ್ಯಾರೇಜಿನಿಂದ ಕಾರು ಗುಜರಿಗೆ ಹೋದರೆ ಊರಲ್ಲಿ ಮುಖ ಹೇಗೆ ತೋರಿಸಲಿ? ಕೂತಲ್ಲಿ ಕೂರಲಾಗುತ್ತಿಲ್ಲ. ಎಣ್ಣೆ ಏಜೆಂಟ ಕೊಟ್ಟ ಈ ಡೈರಿ ಹತ್ತು ತಿಂಗಳಿಂದ ಖಾಲಿ ಬಿದ್ದಿತ್ತು, ಅದಕ್ಕೇ ಎಳೆದುಕೊಂಡೆ.

ನವೆಂಬರ್ 5, ಬುಧವಾರ

ಇಂಜಿನ್ನಿನ ಹೆಡ್ಡನ್ನು, ಅಂದರೆ ಮೇಲಿನ ಮುಚ್ಚಳವನ್ನು, ಮೊದಲೇ ಯಾರೋ ಎರಡು ಸಲ ಲೇತಿಗೆ ಹಾಕಿ ಕೆರೆಸಿದ್ದಾರೆ. ಕೆರೆಸಿದಷ್ಟೂ ಒಳಗಿನ ಜಾಗ ಕಡಿಮೆ, ಜಾಗ ಕಡಿಮೆಯಾದಷ್ಟೂ ಪೆಟ್ರೋಲು, ಗಾಳಿ ಹೆಚ್ಚು ಹಿಚುಕಿಕೊಳ್ಳುತ್ತವೆ. ಎಷ್ಟು ಎಂದು ಅಳೆಯಬೇಕಿತ್ತು. ಡಾಕ್ಟರಬಾಯಿ ತಮ್ಮ ದವಾಖಾನೆಯಿಂದ ಗಾಜಿನ ದೊಡ್ಡ ಸಿರಿಂಜು ಕಳಿಸಿದರು. ಪಿಸ್ಟನ್ನನ್ನು ಮೇಲಕ್ಕೆ ತಂದು ನಿಲ್ಲಿಸಿ, ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟೆ. ಅರವತ್ನಾಲ್ಕು ಸಿ.ಸಿ. ಹಿಡಿಯಬೇಕಾದಲ್ಲಿ ಐವತ್ತಾರಕ್ಕೇ ತುಂಬಿತು. ಎಂಟಕ್ಕೆ ಒಂದು ಇದ್ದ ಕಂಪ್ರೆಶನ್, ಅಂದರೆ ಹಿಚುಕುವ ಪ್ರಮಾಣ, ಒಂಬತ್ತಾಗಿದೆ. ಮೇಲೆ ಟರ್ಬೊ ಬೇರೆ ತುರುಕುತ್ತದೆ. ನಮ್ಮ ಪೆಟ್ರೋಲಿಗೆ ಇದು ಸ್ವಲ್ಪ ಹೆಚ್ಚೇ. ಇರಲಿ, ಕಿವಿ ಇದೆ.

ಗುರುಬಾಯಿ ಊಟಕ್ಕೆ ಕರೆಯುವಾಗ ಇಡೀ ಓಣಿಗೆ ಕೇಳುವ ಹಾಗೆ ಒದರಿದಳು. ಜೇವರ್ಗಿಯಿಂದ ಮದುವೆಯಾಗಿ ಬಂದಾಗ ಇವಳ ದನಿ ಕೇಳಲು ನಾನು ಬಾಗಿಲ ಹತ್ತಿರ ನಿಲ್ಲಬೇಕಾಗುತ್ತಿತ್ತು. ವಯಸ್ಸಾದಂತೆ ಕೆಲವರ ಬಾಯಿ ಹೀಗೆ ಬೆಳೆಯುತ್ತದೆ. ಚಹಾದಂಗಡಿಯ ಬೀರಲಿಂಗಪ್ಪ ಕಣ್ಣು ಹೊಡೆದ. ನಾನೂ ನಕ್ಕೆ.

ನವೆಂಬರ್ 9, ಭಾನುವಾರ

ಕಂಪ್ಯೂಟರ್ ತೆಗೆದು ಬಿಸಾಕಿ ಹಳೆಯ ಪದ್ಧತಿಯ ಡೆಲ್ಕೋ ಕೂರಿಸಿದ್ದೇನೆ, ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವುದು ಅದರ ಕೆಲಸ. ಡೆಲ್ಕೋವನ್ನು ಕೈಯಿಂದ ಒಂದಿಷ್ಟು ಮುಂದೆ ತಿರುಗಿಸಿದರೆ ಕಿಡಿ ಬೇಗ, ಹಿಂದೆ ತಿರುಗಿಸಿದರೆ ತಡ. ಪಕ್ಕದಲ್ಲಿ ರಬ್ಬರ್ ಪರದೆಯ ಡಬ್ಬಿಯನ್ನು ತಿರುವಿ ಹಾಕಿದ್ದೇನೆ. ಟರ್ಬೊ ಗಾಳಿ ಒತ್ತಿದಷ್ಟೂ ಅದು ಟೈಮಿಂಗನ್ನು, ಕಿಡಿ ಹತ್ತುವ ಹೊತ್ತನ್ನು, ಹಿಂದಕ್ಕೆ ಎಳೆಯಬೇಕು. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ, ಸ್ವಂತ ತಲೆ.

ಇನ್ನು ಟೈಮಿಂಗ್ ಕಟ್ಟುವುದು. ಉಸ್ತಾದರ ರೀತಿ ಒಂದೇ. ನಾಕಿಂಗ್ ಕೇಳುವವರೆಗೆ ಮುಂದೆ ತಿರುಗಿಸು, ಕೇಳಿದ ಕೂಡಲೇ ಕೂದಲೆಳೆಯಷ್ಟು ಹಿಂದೆ ತಾ. ಕಿಡಿ ತೀರ ಬೇಗ ಹತ್ತಿದರೆ ಪೆಟ್ರೋಲು ಉರಿಯುವ ಬದಲು ಸಿಡಿದು ಪಿಸ್ಟನ್ನಿನ ತಲೆಗೆ ಬಡಿಯುತ್ತದೆ, ಅದೇ ನಾಕಿಂಗ್. ಅದರ ದನಿ ತೀರ ಸಣ್ಣದು, ಚೂಪು.

ಮುಂದೆ ತಿರುಗಿಸಿದೆ. ಇನ್ನೂ ತಿರುಗಿಸಿದೆ. ನಾಕಿಂಗ್ ಬರಲೇ ಇಲ್ಲ. ಜಪಾನಿನವರ ಕಬ್ಬಿಣ ಗಟ್ಟಿ.

ನವೆಂಬರ್ 13, ಗುರುವಾರ

ಇಂದು ಡಾಕ್ಟರಬಾಯಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿರೋಳ್ಳಿ ರಸ್ತೆಗೆ ಹೋದೆ. ಗುರುವಾರ ಅವರು ಅಲ್ಲಿ ರೋಗಿಗಳನ್ನು ನೋಡುತ್ತಾರೆ, ಈಗ ಬಸ್ಸಿನಲ್ಲಿ ಹೋಗಿಬರುತ್ತಿದ್ದಾರೆ. ಭೂಸನೂರ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ದಾರಿ ಬಿಟ್ಟ ಮೇಲೆ ಏರಿನಲ್ಲಿ ಕಾಲು ಒತ್ತಿದೆ. ಟರ್ಬೊ ಗಾಳಿ ತುಂಬಿ ಕಾರು ಎದ್ದು ಹೋಯಿತು. ಮೂವತ್ತು ವರ್ಷದಲ್ಲಿ ಇಂಥ ಇಂಜಿನ್ನಿನ ಮೇಲೆ ಕೂತಿರಲಿಲ್ಲ. ಖುಷಿಯಾಯಿತು, ಬಹಳ ಖುಷಿಯಾಯಿತು.

ಡಾಕ್ಟರಬಾಯಿಯದು ಒಂದು ತೊಂದರೆ, ಮಾತು ಬಾಯಲ್ಲೇ ಮುರಿಯುತ್ತಾರೆ. ಓದಿದ ಹೆಂಗಸರೆಲ್ಲ ಹೀಗೇ ಗೊಣಗುತ್ತಾರೋ ಏನೋ. ಏರಿನಲ್ಲಿ ಏನೋ ಹೇಳಿದರು, ಎರಡನೇ ಸಲ ಹೇಳಿದಾಗ ಹಪ್ಪಳ ಎಂದದ್ದು ತಿಳಿಯಿತು. ಗುರುಬಾಯಿಯ ಹಪ್ಪಳ ಆಳಂದದಲ್ಲಿ ಹೆಸರಾದದ್ದೇ. ಅದಕ್ಕೇನಂತ್ರಿ, ನಾಳೆ ಕಳಸ್ತೇನಿ ಎಂದೆ. ಅವರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು. ಕೇಳಿ ಪಡೆಯಲು ದೊಡ್ಡವರಿಗೆ ಸಂಕೋಚ.

ನವೆಂಬರ್ 14, ಶುಕ್ರವಾರ

ಹಪ್ಪಳದ ಎರಡು ಕಟ್ಟು ದವಾಖಾನೆಗೆ ಒಯ್ದುಕೊಟ್ಟೆ. ಡಾಕ್ಟರಬಾಯಿ ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದರು. ಆಮೇಲೆ ಕಾರು ಹೇಗಿದೆ ಎಂದು ಕೇಳಿದರು ಅನಿಸುತ್ತದೆ. ಒಳ್ಳೇದೈತ್ರಿ ಎಂದೆ.

ಗುರುಬಾಯಿ ಮಾತ್ರ ಹಪ್ಪಳ ಯಾಕೆ, ಅವರು ಖರೇನೇ ಕೇಳಿದರೇ ಎಂದು ಮೂರು ಸಲ ಒದರಿದಳು. ಎರಡು ಕಟ್ಟು ಹಪ್ಪಳಕ್ಕೆ ಇಷ್ಟು ಲೋಭ ಇವಳಲ್ಲಿ ಹಿಂದೆ ಇರಲಿಲ್ಲ.

ನವೆಂಬರ್ 19, ಬುಧವಾರ

ಡೆಲ್ಕೋ ಇನ್ನೊಂದಿಷ್ಟು ಮುಂದೆ. ಪಿಕಪ್ ಇನ್ನೂ ಚೆನ್ನಾಗಿದೆ. ಈ ಇಂಜಿನ್ನು ಎಷ್ಟು ಕೊಟ್ಟರೂ ತಿನ್ನುತ್ತದೆ.

ಕುಕ್ಕರಿನ ಸೀಟಿ ಕೆಟ್ಟಿದೆ, ಹೊಸದು ತಂದು ಹಾಕಿದೆ, ಅದೂ ಊದುವುದಿಲ್ಲ. ಗುರುಬಾಯಿ ಮಾತ್ರ ಮೂರಾಯಿತು ಎಂದು ಎದ್ದು ಹೋಗಿ ಇಳಿಸುತ್ತಾಳೆ. ಅಂದಾಜು ಹೇಳುತ್ತಾಳೆ ಅಷ್ಟೆ. ಗ್ಯಾರೇಜಿನ ತಗಡಿನ ಕೆಳಗಿನ ಗುಬ್ಬಿಗಳು ಕೂಡ ಸುಮ್ಮನಾಗಿವೆ, ನೋಡಿದರೆ ಗೂಡಿನಲ್ಲಿ ಬಾಯಿ ತೆರೆದುಕೊಂಡು ಕೂತೇ ಇವೆ. ಎಲ್ಲದಕ್ಕೂ ಏನೋ ಬಡಿದಿದೆ ಈ ವರ್ಷ.

ನವೆಂಬರ್ 27, ಗುರುವಾರ

ಹಿರೋಳ್ಳಿ ಏರಿನಲ್ಲಿ ಕಾರು ನಿಂತಿತು. ಮೊನ್ನೆಯೇ ಕೀಲಿ ಕೊಟ್ಟಿದ್ದೆ, ಡಾಕ್ಟರಬಾಯಿ ಒಬ್ಬರೇ ಓಡಿಸಿಕೊಂಡು ಹೋಗಿದ್ದರು. ಹಿಂದಿನಿಂದ ನೀಲಿ ಹೊಗೆ, ರಸ್ತೆ ತುಂಬ ಎಣ್ಣೆ. ಕಬ್ಬಿನ ಟ್ರ್ಯಾಕ್ಟರೊಂದು ಎಳೆದು ತಂದಿತು. ಬಿಚ್ಚಿದರೆ ಮೂರನೇ ಪಿಸ್ಟನ್ನಿನ ತಲೆಗೆ ತೂತು, ನನ್ನ ಕಿರುಬೆರಳು ಹೋಗುವಷ್ಟು.

ಪೆಟ್ರೋಲು ಸರಿಯಿಲ್ಲ ಎಂದೆ. ಬೀರಲಿಂಗಪ್ಪನ ಅಂಗಡಿ ಮುಂದೆ ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಉಸ್ತಾದ ಕಟ್ಟಿದ ಟೈಮಿಂಗ್ ತಪ್ಪುವುದುಂಟೇ.

ನವೆಂಬರ್ 28, ಶುಕ್ರವಾರ

ಪೆಟ್ರೋಲೇ.

ಡಿಸೆಂಬರ್ 3, ಬುಧವಾರ

ಕಲಬುರ್ಗಿಯಿಂದ ಖಾಜಾ ಬಂದಿದ್ದ. ಲೇತಿನವನು, ಉಸ್ತಾದರ ಹತ್ತಿರ ನನ್ನ ಜೊತೆಗೇ ಕಲಿತವನು. ದಪ್ಪ ದನಿ, ಅವನು ಹೇಳಿದ್ದು ಒಂದಕ್ಷರ ತಪ್ಪದೆ ಕೇಳುತ್ತದೆ. ಮಾತಾಡಿದರೆ ಹಾಗೆ ಮಾತಾಡಬೇಕು. ಪಿಸ್ಟನ್ನುಗಳನ್ನು ಬೆಳಕಿಗೆ ಹಿಡಿದು ನೋಡಿದ. ತೂತಾದದ್ದು ಒಂದು, ಆದರೆ ನಾಲ್ಕರ ತಲೆಯೂ ಗೆದ್ದಲು ತಿಂದ ಹಲಗೆಯಂತಾಗಿತ್ತು. ನಾಕಿಂಗ್ ಬಡಿದ ಗುರುತು, ಅದು ನನಗೂ ಗೊತ್ತು, ನೋಡಿದ ದಿನವೇ ಗೊತ್ತಿತ್ತು.

"ಇಷ್ಟು ಹೊಡ್ಕೊಂಡದ, ನಿಂಗ ಕೇಳ್ಸಿಲ್ಲೇನು ಲೇ?" ಎಂದ.

ಹೆಡ್ಡು ಕೆರೆಯುವವರು ನಿನ್ನಂಥವರು, ಜಾಗವೆಲ್ಲ ನುಂಗಿ ಕೂತು ನನ್ನ ಕಿವಿಗೆ ಬರುತ್ತೀಯಾ ಎಂದು ಬಾಯಿಗೆ ಬಂದಂತೆ ಅಂದೆ. ಈ ಹೆಡ್ಡು ಕೆರೆದವನು ಅವನಲ್ಲ ಎಂದು ಗೊತ್ತಿದ್ದೂ ಅಂದೆ. ಖಾಜಾ ಚಹಾ ಅರ್ಧಕ್ಕೇ ಬಿಟ್ಟು ಹೋದ.

ಡಿಸೆಂಬರ್ 5, ಶುಕ್ರವಾರ

ಮಧ್ಯಾಹ್ನ ಡಾಕ್ಟರಬಾಯಿ ಬಂದರು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಏನೋ ಹೇಳಿದರು, ನಾನು ತಲೆಯಾಡಿಸಿದೆ. ಮತ್ತೆ ಹೇಳಿದರು, ಮತ್ತೆ ಆಡಿಸಿದೆ. ಗುರುಬಾಯಿ ಅಡುಗೆಮನೆ ಬಿಟ್ಟು ಹೊರಗೆ ಬಂದು ನನ್ನ ಎದುರಿಗೇ ನಿಂತು ದೊಡ್ಡ ದನಿಯಲ್ಲಿ ಹೇಳಿದಳು.

"ಅವತ್ತೇ ಹೇಳಿದ್ರಂತ, ಏರಿನ್ಯಾಗ ಸಪ್ಪಳ ಬರಾಕತ್ತದ ಅಂತ. ಸಪ್ಪಳ."

ಅವರು ಹೋದ ಮೇಲೆ ಈ ಡೈರಿ ತೆಗೆದು ಹದಿಮೂರನೇ ತಾರೀಖಿನ ಹಾಳೆ ಓದಿದೆ. ಹಪ್ಪಳ ಎಂದು ನನ್ನ ಕೈಯಿಂದಲೇ ಬರೆದಿದೆ. ಇಂಜಿನ್ನು ಪಕ್ಕದಲ್ಲಿ ಬಡಿದುಕೊಂಡು ಸಾಯುತ್ತಿದೆ, ಅದನ್ನು ಕೇಳಿದ ಹೆಂಗಸು ಹೇಳುತ್ತಿದ್ದಾಳೆ, ನಾನು ಹಪ್ಪಳ ಕಳಿಸುತ್ತೇನೆ ಎನ್ನುತ್ತಿದ್ದೇನೆ. ಕಳಿಸಿಯೂ ಬಿಟ್ಟೆ. ಅವರು ಎರಡೂ ಕೈಯಲ್ಲಿ ಹಿಡಿದು ನಿಂತದ್ದು ಕಣ್ಣಿಗೆ ಬರುತ್ತಿದೆ. ನಾಚಿಕೆಯಿಂದ ಮೈ ಬಿಸಿಯಾಗಿದೆ.

ಕೈಗಡಿಯಾರ ಬಿಚ್ಚಿ ಬಲಗಿವಿಗೆ ಹಿಡಿದೆ. ಎಡಗಿವಿಗೆ ಹಿಡಿದೆ. ಮುಳ್ಳು ಓಡುತ್ತಿತ್ತು.

ಡಿಸೆಂಬರ್ 6, ಶನಿವಾರ

ಗ್ಯಾರೇಜು ತೆರೆಯಲಿಲ್ಲ.

ಡಿಸೆಂಬರ್ 12, ಶುಕ್ರವಾರ

ನಾಲ್ಕೂ ಹೊಸ ಪಿಸ್ಟನ್ನುಗಳು ಬಂದವು. ಖಾಜಾನೇ ಹುಡುಕಿ ಕಳಿಸಿದ್ದಾನೆ, ಒಂದು ಮಾತೂ ಬರೆದಿಲ್ಲ. ಜೊತೆಗೆ ಹೆಡ್ಡಿನ ಅಳತೆಗೆ ಕತ್ತರಿಸಿದ ತಾಮ್ರದ ತಗಡು. ಅದನ್ನು ಹೆಡ್ಡಿನ ಕೆಳಗೆ ಹಾಕಿ ಬಿಗಿದು ಸಿರಿಂಜಿನಿಂದ ಮತ್ತೆ ಅಳೆದೆ. ಅರವತ್ತು ಸಿ.ಸಿ. ಕಂಪ್ರೆಶನ್ ಎಂಟೂವರೆ. ಒಂಬತ್ತಕ್ಕೆ ಬೇಕಾದ ಟೈಮಿಂಗ್ ಬೇರೆ, ಎಂಟೂವರೆಗೆ ಬೇರೆ. ಅದನ್ನು ಹುಡುಕುವವರು ಯಾರು?

ದವಾಖಾನೆಗೆ ಹೋಗಿ ಬಿ.ಪಿ. ನೋಡುವ ಗಡಿಯಾರವೊಂದು ಕೊಡಿ ಎಂದು ಕೇಳಿದೆ. ನನ್ನ ಬಿ.ಪಿ. ನೋಡಬೇಕೇ ಎಂದು ಕೈಸನ್ನೆ ಮಾಡಿದರು. ಇಂಜಿನ್ನಿನದು ಎಂದೆ. ಟರ್ಬೊ ನಳಿಗೆಗೆ ಅದರ ರಬ್ಬರ್ ಕೊಳವೆ ಜೋಡಿಸಿದರೆ ಗಾಳಿ ಎಷ್ಟು ಒತ್ತುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಕಣ್ಣಿಗೆ ಕಾಣುತ್ತದೆ. ಅಷ್ಟಾದರೂ ಆಯಿತು.

ಡೆಲ್ಕೋದ ಸುತ್ತ ಡಿಗ್ರಿಗಳ ಗೆರೆ ಕೊರೆದೆ. ಡೈರಿಯ ಹಿಂದಿನ ಹಾಳೆಯಲ್ಲಿ ಮನೆ ಮನೆ ಹಾಕಿ ಕೋಷ್ಟಕ ಬರೆದೆ: ಇತ್ತ ಗಾಳಿ, ಅತ್ತ ಡಿಗ್ರಿ. ಮನೆಗಳೆಲ್ಲ ಖಾಲಿ.

ಡಿಸೆಂಬರ್ 15, ಸೋಮವಾರ

ಮೂರು ದಿನದಿಂದ ಖಾಲಿ ಮನೆ ನೋಡುತ್ತ ಅತ್ತಿಂದಿತ್ತ ತಿರುಗಿದ್ದೇ ಆಯಿತು. ಕೀಲಿ ಹಾಕಿ ಇಂಜಿನ್ನು ಎಬ್ಬಿಸುವುದು, ಬೋನೆಟ್ಟಿನ ಮೇಲೆ ಬಗ್ಗುವುದು, ಆರಿಸುವುದು. ದಪ್ಪ ದನಿಯೆಲ್ಲ ಕೇಳುತ್ತದೆ, ಸಣ್ಣದು ಇಲ್ಲ. ಇದೆಯೋ ಇಲ್ಲವೋ ಎಂಬುದೇ ಗೊತ್ತಾಗುವುದಿಲ್ಲ. ಖಾಜಾನನ್ನು ಕರೆದರೆ ನಾಳೆಗೆ ಕಲಬುರ್ಗಿಗೆಲ್ಲ ಸುದ್ದಿ. ಡಾಕ್ಟರಬಾಯಿಗೆ ಹೇಳಲು ಬಾಯಿ ಬರುವುದಿಲ್ಲ.

ಬೆಳಿಗ್ಗೆ ರೊಟ್ಟಿ ತಿನ್ನುತ್ತ ಗುರುಬಾಯಿಗೆ ಹೇಳಿದೆ. "ನಾ ಓಡಿಸ್ತೇನಿ. ನೀ ಬಾಜೂಕ ಕುಂತು ಇಂಜಿನ್ನಿನ ಸಪ್ಪಳ ಕೇಳು." ಯಾಕೆ ಎಂದು ಕೇಳುತ್ತಾಳೆ, ಪಿಸ್ಟನ್ನು ಹೊಸದು ಎಂದು ಹೇಳೋಣ ಎಂದು ಸುಳ್ಳೊಂದನ್ನು ಜೋಡಿಸಿಟ್ಟುಕೊಂಡಿದ್ದೆ. ಕೇಳಲೇ ಇಲ್ಲ. ಕೈತೊಳೆದು, ಸೀರೆ ಬದಲಿಸಿ ಬಂದು ಕೂತಳು.

ಬಿ.ಪಿ. ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ನೋಡುವುದು, ನಾಕಿಂಗ್ ಬಂದ ಕೂಡಲೇ ನನ್ನ ಮೊಣಕೈ ಮುಟ್ಟುವುದು, ಇಷ್ಟೇ ಅವಳ ಕೆಲಸ. ನಾಕಿಂಗ್ ಹೇಗಿರುತ್ತದೆ ಎಂದು ತೋರಿಸಲು ಬೇಕೆಂದೇ ಡೆಲ್ಕೋ ಮುಂದಿಟ್ಟು ಏರಿಗೆ ಒತ್ತಿದೆ. ತಟ್ಟನೆ ಮೊಣಕೈ ಹಿಡಿದಳು.

"ಎಣ್ಣ್ಯಾಗ ಸಾಸಿವಿ ಸಿಡಿದಂಗ," ಎಂದಳು.

ಅದೇ. ಹನ್ನೊಂದು ವರ್ಷ ಕಲಿತರೂ ನಾನು ಅದಕ್ಕೆ ಇಷ್ಟು ಸರಿಯಾದ ಮಾತು ಹೇಳಿರಲಿಲ್ಲ.

ಡಿಸೆಂಬರ್ 22, ಸೋಮವಾರ

ದಿನಾ ಬೆಳಿಗ್ಗೆ ಹೋಗುತ್ತಿದ್ದೇವೆ. ಏರು ಹತ್ತುವುದು, ಅವಳು ಮುಟ್ಟುವುದು, ಮುಳ್ಳಿನ ಅಂಕಿ ಹೇಳುವುದು, ಗಾಡಿ ನಿಲ್ಲಿಸಿ ನಾನು ಡೆಲ್ಕೋ ಪಕ್ಕದ ರಬ್ಬರ್ ಡಬ್ಬಿಯ ಸ್ಪ್ರಿಂಗಿಗೆ ಒಂದು ವಾಶರ್ ಹಾಕುವುದೋ ತೆಗೆಯುವುದೋ ಮಾಡುವುದು, ಮತ್ತೆ ಏರು. ಕೋಷ್ಟಕ ತುಂಬುತ್ತಿದೆ. ಗಾಳಿ ಇಲ್ಲದಾಗ ಇಪ್ಪತ್ತೆಂಟು ಡಿಗ್ರಿ. ಮುಳ್ಳು ನೂರಕ್ಕೆ ಬಂದರೆ ಇಪ್ಪತ್ತನಾಲ್ಕು. ನೂರೈವತ್ತಕ್ಕೆ ಇಪ್ಪತ್ತೊಂದು. ಇನ್ನೂರಕ್ಕೆ ಹದಿನೆಂಟು ಎಂದು ಬರೆದಿದ್ದೆ, ಗುರುಬಾಯಿ ಒಪ್ಪಲಿಲ್ಲ. ಎರಡೇ ಎರಡು ಸಾಸಿವೆ ಸಿಡಿದವಂತೆ. ಹದಿನೇಳು ಮಾಡಿದೆ.

ಹಿರೋಳ್ಳಿಯ ಜನ ನೋಡುತ್ತಾರೆ. ಗಂಡ ಹೆಂಡತಿ ಹವಾ ತಿನ್ನಲು ಬಂದಿದ್ದಾರೆ ಎಂದುಕೊಂಡಿರಬೇಕು. ಇಂದು ಗಾಡಿ ನಿಂತಾಗ ಅವಳು ಬುತ್ತಿ ಬಿಚ್ಚಿದಳು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ ರಸ್ತೆ ಪಕ್ಕ ಕೂತು ಉಂಡೆವು.

ಜನವರಿ 4, 1998, ಭಾನುವಾರ

ಕೊನೆಯ ಮನೆ ತುಂಬಿತು. ಇನ್ನೂರೈವತ್ತಕ್ಕೆ ಹದಿನಾಲ್ಕು. ಪೂರ್ತಿ ಕಾಲು ಒತ್ತಿ ಏರು ಹತ್ತಿಸಿದೆ, ಗುರುಬಾಯಿ ಮುಟ್ಟಲಿಲ್ಲ. ತಿರುಗಿ ಬಂದು ಮತ್ತೆ ಹತ್ತಿಸಿದೆ, ಮುಟ್ಟಲಿಲ್ಲ. ಬಂತೇನು ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

ಗಾಡಿ ಪಕ್ಕಕ್ಕೆ ಹಾಕಿದೆ. ಹೇಳಿಬಿಡಬೇಕು ಅನಿಸಿತು. ಗುರುಬಾಯಿ, ನಂಗ ಸಣ್ಣ ಸಪ್ಪಳ ಕೇಳ್ಸಲ್ಲ ಎಂದೆ. ಅವಳು ಗಡಿಯಾರದ ಕೊಳವೆ ಸುತ್ತುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, ಮುಖ ಕಾಣುವ ಹಾಗೆ ಕೂತು ಹೇಳಿದಳು.

"ಎರಡು ವರ್ಷಾತ್ರಿ ನಾ ಒದರಾಕತ್ತು. ಓಣ್ಯಾಗಿನವ್ರು ಗುರುಬಾಯಿಗಿ ಬಾಯಿ ಬಂದದ, ಗಂಡನ್ನ ಹುರದು ತಿಂತಾಳ ಅಂತಾರ. ಅನ್ಲಿ ಅಂತ ಬಿಟ್ಟೇನಿ. ಕಿವಿ ಉಸ್ತಾದಗ ಕೇಳ್ಸಲ್ಲ ಅಂತ ಗೊತ್ತಾದ್ರ ಗ್ಯಾರೇಜಿಗಿ ಯಾರು ಬರ್ತಾರ್ರಿ?"

ಬೀರಲಿಂಗಪ್ಪ ಕಣ್ಣು ಹೊಡೆದಾಗ ನಾನೂ ನಕ್ಕದ್ದು ನೆನಪಾಯಿತು. ಒಂದು ಸಲವಲ್ಲ, ಎಷ್ಟು ಸಲ. ಅಳು ಬಂತು, ಅತ್ತೆ. ಕಬ್ಬಿನ ಟ್ರ್ಯಾಕ್ಟರಿನವನು ಕಾರು ಮತ್ತೆ ಕೆಟ್ಟಿತೇ ಎಂದು ಕೇಳಿ ಹೋದ.

ಜನವರಿ 11, ಭಾನುವಾರ

ಡಾಕ್ಟರಬಾಯಿ ಹತ್ತು ಗಂಟೆಗೆ ಬಂದರು. ಕೋಷ್ಟಕವನ್ನು ಬೇರೆ ಹಾಳೆಯಲ್ಲಿ ಚೆಂದಾಗಿ ಬರೆದು ಕಾರಿನೊಳಗೆ ಅಂಟಿಸಿದ್ದೆ, ಮುಂದೆ ಯಾರು ಬಿಚ್ಚಿದರೂ ಗೊತ್ತಿರಲಿ ಎಂದು. ಹಿರೋಳ್ಳಿಗೆ ಹೋಗಿ ಒಂದು ತಾಸಿಗೆ ತಿರುಗಿ ಬಂದರು. ಇಳಿದು ಕೈ ಮುಗಿದರು. ಬೀರಲಿಂಗಪ್ಪನ ಅಂಗಡಿ ಮುಂದೆ ಏಳೆಂಟು ಜನ ಕೂತಿದ್ದರು, ನಾನೂ ಅಲ್ಲೇ ಚಹಾ ಹಿಡಿದು ನಿಂತಿದ್ದೆ. ಅವನು ಎಲ್ಲರಿಗೂ ಕೇಳುವ ಹಾಗೆ, ಕಿವಿ ಅಂದರೆ ನಮ್ಮ ಉಸ್ತಾದನದು ಎಂದ. ಅವನ ದನಿಯೂ ದಪ್ಪವೇ. ಡಾಕ್ಟರಬಾಯಿ ನನ್ನ ಮುಖ ನೋಡಿದರು.

ಅಷ್ಟರಲ್ಲಿ ಮಂದಿಯೆಲ್ಲ ನನ್ನ ಮನೆಯ ಕಡೆ ತಿರುಗಿ ನಗತೊಡಗಿದರು. ಬಾಗಿಲಲ್ಲಿ ಗುರುಬಾಯಿ ನಿಂತು ಊಟಕ್ಕೆ ಒದರುತ್ತಿದ್ದಳು. ಹೋಗ್ರಿ ಉಸ್ತಾದ್, ಹುಕುಂ ಬಂದದ, ತಡಾ ಮಾಡಿದ್ರ ನಿಮ್ಮ ಗತಿ ಮುಗೀತು ಎಂದ ಬೀರಲಿಂಗಪ್ಪ.

ಇಷ್ಟು ದಿನ ಇಂಥ ಮಾತಿಗೆ ನಾನೂ ನಗುತ್ತಿದ್ದೆ. ಇಂದು ಕೈಯಲ್ಲಿದ್ದ ಚಹಾ ಕೆಳಗಿಟ್ಟೆ.

"ಆಕಿ ಜಗಳಾಡಾಕತ್ತಿಲ್ಲ. ನಂಗ ಕಿವಿ ಕೇಳ್ಸಲ್ಲ, ಅದಕ್ಕ ಒದರ್ತಾಳ. ಎರಡು ವರ್ಷಾತು. ಡಾಕ್ಟರಬಾಯೇರ ಪಿಸ್ಟನ್ ಹೋಗಿದ್ದು ಪೆಟ್ರೋಲಿಂದ ಅಲ್ಲ, ನನ್ನ ಕಿವಿಯಿಂದ. ಈಗಿನ ಟೈಮಿಂಗ್ ಆಕಿ ಕಿವಿ ಕಟ್ಟಿದ್ದು."

ಯಾರಾದರೂ ಮಾತಾಡಿದರೋ ಏನೋ, ನನಗೆ ಗೊತ್ತಿಲ್ಲ. ಬೀರಲಿಂಗಪ್ಪ ತಲೆ ಕೆಳಗೆ ಹಾಕಿ ಗ್ಲಾಸು ಒರೆಸುತ್ತಿದ್ದ. ನಾಳೆಯಿಂದ ಗ್ಯಾರೇಜಿಗೆ ಯಾರು ಬರುತ್ತಾರೆ, ಯಾರು ಬಿಡುತ್ತಾರೆ ಎಂಬ ಲೆಕ್ಕ ತಲೆಯೊಳಗೆ ಆಗಲೇ ಶುರುವಾಗಿತ್ತು.

ಗುರುಬಾಯಿಗೆ ಎಲ್ಲ ಕೇಳಿಸಿತ್ತು. ಬಾಗಿಲು ಬಿಟ್ಟು ರಸ್ತೆ ದಾಟಿ ಬಂದಳು, ಅಷ್ಟು ಜನರ ನಡುವೆಯೇ ನನ್ನ ಹತ್ತಿರ ನಿಂತು ತುಟಿಯಾಡಿಸಿದಳು. ಏನಂದಿ ಎಂದು ಕೇಳಿದೆ. ಅವಳು ಇನ್ನೂ ಹತ್ತಿರ ಬಂದು, ಮದುವೆಯಾದ ಹೊಸದರಲ್ಲಿ ಇದ್ದ ದನಿಯಲ್ಲಿ, ನನ್ನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದಳು.

"ರೊಟ್ಟಿ ಆರಾಕತ್ತಾವ, ಬರ್ರಿ."